ಟ್ಯಾಂಕ್ ದಾಟಿದ ಮೇಲೆ ಬಂದ ಕರೆ

ಬ್ಯಾಟರಿಯ ತಂತಿ ತಾಗಿದ್ದೇ ತಡ, ಅಂಗೈಯಷ್ಟೂ ಇಲ್ಲದ ಆ ಹಾರ್ನ್ ವಿಮಾನ ನಿಲ್ಲಿಸುವ ಹ್ಯಾಂಗರೇ ಹಾರಿಹೋಗುವಂತೆ ಕಿರುಚಿಕೊಂಡಿತು. ತಗಡಿನ ಛಾವಣಿಯ ಕೆಳಗೆ ಕೂತಿದ್ದ ಪಾರಿವಾಳಗಳು ಒಮ್ಮೆಲೇ ಎದ್ದವು. ಬಾಗಿಲ ಬಳಿ ನಿಂತಿದ್ದ ಸತ್ತವನ ತಮ್ಮ ಎರಡೂ ಕಿವಿ ಮುಚ್ಚಿಕೊಂಡ.

"ಸಾಕು, ನಿಲ್ಲಿಸಿ ಮೇಡಂ!"

ಜರಡಿ ನಿಲ್ಲಿಸಲಿಲ್ಲ. ಅವನ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಅದನ್ನು ಅರಚಲು ಬಿಟ್ಟು, ಆಮೇಲೆ ತಂತಿ ಕಿತ್ತಳು. ವಿಮಾನ ಅಪಘಾತಗಳ ತನಿಖೆ ಮಾಡುವ ಈ ಹೆಂಗಸಿಗೆ ಆ ಹೆಸರಿಟ್ಟವರು ಪೊಲೀಸರು. ಬಿದ್ದ ವಿಮಾನದ ಕೆಳಗಿನ ಮಣ್ಣನ್ನೂ ಬಿಡದೆ ಜಾಲಿಸುತ್ತಾಳೆ ಅಂತ. ಹಿಂದಿನಿಂದ ಆಡಿಕೊಂಡ ಹೆಸರು ಆಕೆಯ ಕಿವಿಗೆ ಬಿದ್ದಾಗ ಆಕೆಗೆ ಒಳಗೊಳಗೇ ಹೆಮ್ಮೆಯಾಗಿತ್ತು.

"ಕೆಟ್ಟುಹೋಗಿದೆ ಅಂದಿದ್ರಿ. ಎಷ್ಟು ಚೆನ್ನಾಗಿ ಹಾಡ್ತು ನೋಡಿ," ಎಂದಳು.

ಹೋದ ವಾರ ಟೈಲ್ಸ್ ಸಾಹುಕಾರ ತನ್ನ ಪುಟ್ಟ ವಿಮಾನವನ್ನು ಚಕ್ರಗಳಿಲ್ಲದೆ ಹೊಟ್ಟೆಯ ಮೇಲೆ ರನ್‌ವೇಗೆ ಕೂರಿಸಿ, ಜಾರಿಕೊಂಡು ಹೋಗಿ ಗೋಡೆಗೆ ಗುದ್ದಿ, ತೆರೆಯದ ಬಾಗಿಲ ಹಿಂದೆ ಹೊಗೆ ಕುಡಿದು ಸತ್ತಿದ್ದ. ಚಕ್ರ ಇಳಿಸದೆ ನೆಲಕ್ಕೆ ಬಂದರೆ ಕೂಗಬೇಕಾದ ಹಾರ್ನ್ ರಿಪೇರಿ ಮಾಡಲಿಲ್ಲ, ಅದಕ್ಕೇ ಅಣ್ಣನಿಗೆ ಎಚ್ಚರಿಕೆ ಸಿಗಲಿಲ್ಲ ಎಂದು ದೂರು ಕೊಟ್ಟವನು ಈ ತಮ್ಮ. ಆ ದೂರಿನ ಮೇಲೆ ವಿಮಾನ ಇಳಿಯುವ ಈ ಫೀಲ್ಡಿನ ಮೆಕ್ಯಾನಿಕ್ ಲಾಕಪ್ಪಿನಲ್ಲಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಈ ಎಮ್ಮೆಗೆ ಪೊಲೀಸರು ಬರೆಯನ್ನೇ ಹಾಕಿದ್ದರು. ಗಂಡನಿಗೆ ಎಡಗಿವಿ ಕೇಳಿಸುತ್ತಿಲ್ಲ ಎಂದು ಅವನ ಹೆಂಡತಿ ಅಳುತ್ತಿದ್ದಳು.

ಜರಡಿ ಮುರಿದ ವಿಮಾನದ ಮೂತಿಯ ಕಡೆ ನಡೆದಳು. ಬೆಂಕಿ ರೆಕ್ಕೆಯಿಂದ ಹಿಂದಕ್ಕೆ ಹೋಗಿತ್ತು. ಮುಂದೆ ಪೈಲಟ್ ಕೂರುವ ಜಾಗ ಮಸಿ ಹಿಡಿದಿದ್ದರೂ ಸುಟ್ಟಿರಲಿಲ್ಲ.

"ಚಕ್ರ ಇಳಿಸೋ ಲಿವರ್ ನೋಡಿ. ಮೇಲೇ ಇದೆ. ಇದನ್ನ ಮೊದಲು ತನ್ನ ಕಡೆಗೆ ಎಳೆದು, ಆಮೇಲೆ ಕೆಳಗೆ ಸರಿಸಬೇಕು. ಯಾರ ಮೊಣಕೈ ತಾಗಿದ್ರೂ ಅಲುಗಲ್ಲ. ಚಕ್ರ ಕೈಕೊಡಲಿಲ್ಲ ಸ್ವಾಮಿ. ನಿಮ್ಮಣ್ಣ ಚಕ್ರ ಇಳಿಸಲೇ ಇಲ್ಲ. ಹಾರ್ನ್ ಬಾಯಿ ಬಡ್ಕೊಳ್ತು. ಅವರಿಗೆ ಕೇಳಿಸಲೇ ಇಲ್ಲ."

ಆಕೆ ಅಲ್ಲೇ ನಿಂತು ಠಾಣಾಧಿಕಾರಿಗೆ ಫೋನ್ ಮಾಡಿದಳು. "ವರದಿಗೆ ಸಹಿ ಹಾಕಿ ಬೆಳಿಗ್ಗೆಯೇ ಕಳಿಸಿದ್ದೆನಲ್ಲ, ಹಾರ್ನ್ ಒಂದು ಬಾಕಿ ಇತ್ತು. ಅದೂ ಸರಿಯಾಗಿದೆ. ಮೆಕ್ಯಾನಿಕ್‌ನ ಬಿಟ್ಟುಬಿಡಿ. ಇನ್ನೊಂದು ಏಟು ಬಿದ್ರೆ ನಿಮ್ಮ ಮೇಲೂ ಒಂದು ವರದಿ ಬರೀತೀನಿ."

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಮೆಕ್ಯಾನಿಕ್‌ನ ಹೆಂಡತಿ ಈ ಮಾತು ಕೇಳಿ ಎದ್ದು ಬಂದಳು. ಜರಡಿಯ ಮಸಿ ಮೆತ್ತಿದ ಕೈಯನ್ನೇ ಕಣ್ಣಿಗೊತ್ತಿಕೊಂಡಳು.

"ಮನೆಗೆ ಹೋಗಮ್ಮ. ನೀರು ಕಾಯಿಸಿಡು. ಸ್ನಾನ ಕಂಡು ವಾರ ಆಗಿರುತ್ತೆ ಅವನಿಗೆ."

ಅವಳು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತ ಓಡಿದಳು. ಜರಡಿಗೆ ಎಷ್ಟೋ ದಿನಗಳ ಮೇಲೆ ತನ್ನ ಕೆಲಸದ ಬಗ್ಗೆ ಸಂತೋಷವಾಯಿತು.

"ಒಳ್ಳೇದಾಯ್ತು ಬಿಡಿ. ಪಾಪದವನು," ಎಂದ ತಮ್ಮ. ಒಂದು ಚೂರೂ ನಾಚಿಕೆಯಿಲ್ಲದೆ ಎಂದ.

"ಪಾಪದವನು ಅಂತ ಈಗ ಗೊತ್ತಾಯ್ತಾ?"

"ದುಃಖದಲ್ಲಿ ಮನುಷ್ಯ ಯಾರನ್ನಾದ್ರೂ ಬೈತಾನೆ ಮೇಡಂ."

ಜರಡಿ ಚೀಲದಿಂದ ಒಂದು ಹೆಡ್‌ಸೆಟ್ ತೆಗೆದು ರೆಕ್ಕೆಯ ಮೇಲಿಟ್ಟಳು. ಒಂದು ಕಿವಿಯ ಮೆತ್ತೆ ಕರಗಿ ಅಂಟುಅಂಟಾಗಿತ್ತು. ಅದಕ್ಕೆ ಸಾಹುಕಾರನ ಕೂದಲು ಇನ್ನೂ ಹತ್ತಿಕೊಂಡಿತ್ತು. ತಮ್ಮ ಅದನ್ನು ನೋಡಿದ, ಕಣ್ಣು ತೆಗೆಯಲಿಲ್ಲ.

"ಇದನ್ನ ಕೊಡಿಸಿದ್ದು ಯಾರು?"

"ನಾನೇ."

"ಹೊರಗಿನ ಸದ್ದನ್ನೆಲ್ಲ ನುಂಗುವಂಥದ್ದು. ಹಾರ್ನ್ ಸದ್ದನ್ನೂ ಸೇರಿಸಿ. ಅವರ ಫೋನನ್ನ ಇದಕ್ಕೆ ಜೋಡಿಸಿ ಕೊಟ್ಟಿದ್ದು?"

"ಅದೂ ನಾನೇ. ಅಣ್ಣನಿಗೆ ಅದೆಲ್ಲ ಬರ್ತಿರಲಿಲ್ಲ."

"ವಿಮಾನ ಓಡಿಸೋದು ಕಲಿಸಿದ್ದು?"

"ಈ ಊರಲ್ಲಿ ಕಲಿಸೋನು ನಾನೊಬ್ಬನೇ."

"ನೀರಿನ ಟ್ಯಾಂಕ್ ಮೇಲೆ ಬಂದಾಗ ಚಕ್ರ ಇಳಿಸಬೇಕು ಅನ್ನೋ ಅಭ್ಯಾಸ ಹಾಕಿಸಿದ್ದು?"

ತಮ್ಮ ನಕ್ಕ. "ಇಳಿಯೋ ಮುಂಚೆ ಮಾಡೋ ಕೆಲಸಗಳ ಪಟ್ಟಿ ಓದ್ಕೊಂಡು ಮಾಡು ಅಂದೆ. ಕನ್ನಡಕ ಹುಡುಕೋಷ್ಟರಲ್ಲಿ ರನ್‌ವೇ ಬಂದುಬಿಡ್ತಿತ್ತು. ಅದಕ್ಕೇ ಟ್ಯಾಂಕ್ ಗುರುತು ಮಾಡಿಕೊಟ್ಟೆ. ಟ್ಯಾಂಕ್ ಕಂಡ್ರೆ ಚಕ್ರ. ದಡ್ಡ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ."

"ಗುರುತು ಹಿಡಿದು ಕೆಲಸ ಮಾಡೋರದ್ದು ಒಂದೇ ತೊಂದರೆ," ಎಂದಳು ಜರಡಿ. "ಸರಿಯಾಗಿ ಆ ಜಾಗದಲ್ಲಿ ಯಾರಾದ್ರೂ ಮಾತಿಗೆಳೆದ್ರೆ ಕೈ ನಿಂತುಹೋಗುತ್ತೆ. ಟ್ಯಾಂಕ್ ಹಿಂದೆ ಹೋಯ್ತು, ಅಂದ್ರೆ ಚಕ್ರ ಇಳಿಸಿಯಾಯ್ತು ಅಂದ್ಕೊಳ್ಳುತ್ತೆ ಮನಸ್ಸು. ಮತ್ತೆ ನೆನಪಾಗೋದೇ ಇಲ್ಲ. ಒಬ್ಬ ಮನುಷ್ಯನ್ನ ಕೊಲ್ಲೋಕೆ ಚಾಕು ಬೇಡ, ವಿಷ ಬೇಡ. ಟ್ಯಾಂಕ್ ಹತ್ತಿರ ಒಂದು ಕರೆ ಬಂದ್ರೆ ಸಾಕು."

"ಚೆನ್ನಾಗಿ ಹೇಳಿದ್ರಿ. ನಮ್ಮ ಹುಡುಗರಿಗೆ ಒಂದು ಪಾಠ ಮಾಡಿ ಬನ್ನಿ."

"ನಿಮ್ಮಣ್ಣ ಈ ಫೀಲ್ಡ್ ಮುಚ್ಚಿ ಟೈಲ್ಸ್ ಗೋದಾಮು ಮಾಡೋರಿದ್ರು. ರನ್‌ವೇ ಮೇಲೆ ಲಾರಿ ನಿಲ್ಲಿಸೋರಿದ್ರು. ನೀವು ಹುಟ್ಟಿ ಬೆಳೆದಿದ್ದೇ ಇಲ್ಲಿ. ಈ ಜಾಗ ಬಿಟ್ರೆ ನಿಮಗೆ ಏನೂ ಇಲ್ಲ."

"ಇಲ್ಲ," ಎಂದು ಒಪ್ಪಿದ. "ಅದಕ್ಕೆ?"

"ಕರೆ ಮಾಡಿದ್ದು ನೀವು."

"ಅಲ್ಲ."

"ಫೋನ್ ಕಂಪನಿಯವರ ಉತ್ತರ ಬರಲಿ."

"ಅಷ್ಟು ದಿನ ಯಾಕೆ ಕಾಯ್ತೀರಿ ಮೇಡಂ? ನಾನೇ ಹೇಳ್ತೀನಿ." ಅವನು ಹತ್ತಿರ ಬಂದ. ಅವನಿಂದ ಸೋಪಿನ ವಾಸನೆ ಬರುತ್ತಿತ್ತು. "ಪುಟ್ಟಿ. ಅಣ್ಣನ ಒಬ್ಬಳೇ ಮಗಳು. ಕಾಲೇಜು ಬಿಟ್ಟು ಆರು ತಿಂಗಳಾಗಿತ್ತು, ಅಪ್ಪನಿಗೆ ಹೇಳೋಕೆ ಧೈರ್ಯ ಇರಲಿಲ್ಲ. ನೆಲದ ಮೇಲೆ ಅಣ್ಣ ಹುಲಿ. ಆಕಾಶದಲ್ಲಿದ್ದಾಗ ಮಾತ್ರ ಹಸು. ಆಗ ಹೇಳಿದಳು, ಪಾಪ. ತಾಯಿಯಿಲ್ಲದ ಮಗು."

ಜರಡಿ ಹೆಡ್‌ಸೆಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

"ಟ್ಯಾಂಕ್ ಹತ್ತಿರ ಬಂದಾಗಲೇ ಮಾಡು ಅಂತ ಯಾರು ಹೇಳಿದ್ರು, ಅದನ್ನೇ ತಾನೇ ನೀವು ಕೇಳಬೇಕಾಗಿರೋದು? ಹೋಗಿ ಕೇಳಿ. ಕೇಳಬೇಕಾದ್ರೆ ಮೊದಲು ಹೇಳಬೇಕಾಗುತ್ತೆ. ಅಮ್ಮಾ ಪುಟ್ಟಿ, ನಿನ್ನ ಅಪ್ಪ ಸತ್ತಿದ್ದು ನಿನ್ನ ಮಾತು ಕೇಳ್ತಾ. ಆ ಬಾಗಿಲನ್ನ ಒಳಗಿಂದ ಗುದ್ದಿ ಗುದ್ದಿ ಬೆರಳು ಮುರ್ಕೊಂಡಿದ್ದು ನಿನ್ನಿಂದ ಅಂತ. ಹೇಳ್ತೀರಾ? ಹೇಳಿ. ಆ ಮಗು ರಾತ್ರಿ ಪೂರ್ತಿ ಎದ್ದೇ ಇರುತ್ತೆ. ಮನೆಯ ಮಹಡಿ ಬೇರೆ ಎತ್ತರ ಇದೆ."

"ನೀನು ಮನುಷ್ಯನಾ?" ಎಂದಳು ಜರಡಿ. ಬಹುವಚನ ಬಿದ್ದುಹೋಗಿತ್ತು.

"ನಾನು ಹೇಳಿಲ್ಲ ಅಂತೀನಿ. ಚಿಕ್ಕಪ್ಪನೇ ಹೇಳಿದ್ರು ಅಂತ ಅವಳು ಅಂತಾಳೆ. ಅಪ್ಪನ್ನ ಕೊಂದುಕೊಂಡ ಹುಡುಗಿಯ ಮಾತನ್ನ ಯಾವ ಕೋರ್ಟು ನಂಬುತ್ತೆ, ನೋಡೋಣ."

ಅವನು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಹೊರಟುಹೋದ.

ಅತ್ತ ದರಿ, ಇತ್ತ ಪುಲಿ. ಹುಡುಗಿಗೆ ಹೇಳಿದರೆ ಹುಡುಗಿ ಉಳಿಯುವುದಿಲ್ಲ. ಹೇಳದಿದ್ದರೆ ಇವನು ಸತ್ತ ಅಣ್ಣನ ಕುರ್ಚಿಯಲ್ಲಿ ಕೂತು, ಅದೇ ಹುಡುಗಿಗೆ ದಿಕ್ಕಾಗಿ, ಹಾಯಾಗಿ ಬದುಕುತ್ತಾನೆ. ಜರಡಿ ಮುರಿದ ವಿಮಾನದ ಪಕ್ಕ ಒಂದು ಡ್ರಮ್ಮಿನ ಮೇಲೆ ಕೂತು ತನಗೆ ತಾನೇ ಒಂದಷ್ಟು ಬೈದುಕೊಂಡಳು. ಆಮೇಲೆ ಎದ್ದು ಕೈ ತೊಳೆದು, ಸಾಹುಕಾರನ ಮನೆಗೆ ಹೊರಟಳು. ಕೇಳದೆ ಬಿಟ್ಟರೆ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಕರುಣೆಯಿಂದ ಹೊರಟಳು ಅಂತ ಯಾರೂ ತಪ್ಪು ತಿಳಿಯಬಾರದು.

ಮನೆ ನೀರಿನ ಟ್ಯಾಂಕಿನ ಪಕ್ಕದಲ್ಲೇ. ಬಾಗಿಲು ತೆರೆದೇ ಇತ್ತು. ಕೂಗಿದರೆ ಯಾರೂ ಓಗೊಡಲಿಲ್ಲ. ಮಹಡಿಯ ಮೆಟ್ಟಿಲು ಹತ್ತಿ ಹೋದಾಗ ಹುಡುಗಿ ಬಟ್ಟೆ ಒಣಗಿಸುತ್ತಿದ್ದಳು. ತಂತಿಯ ಉದ್ದಕ್ಕೂ ಗಂಡಸಿನ ಅಂಗಿಗಳೇ. ಬೀರುವಿನಲ್ಲಿದ್ದ ಒಗೆದ ಅಂಗಿಗಳನ್ನೆಲ್ಲ ತೆಗೆದು ಮತ್ತೆ ಒಗೆದಿದ್ದಳು. ಅವಳ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು.

"ಪುಟ್ಟಿ, ನಾನು ಅಪಘಾತದ ತನಿಖೆಗೆ ಬಂದಿರೋಳು."

"ಗೊತ್ತು ಮೇಡಂ." ಅವಳು ಒಂದು ಅಂಗಿಯ ತೋಳು ಎಳೆದು ನೇರ ಮಾಡಿದಳು. "ನನ್ನನ್ನ ಹಿಡ್ಕೊಂಡು ಹೋಗೋಕೆ ಬಂದ್ರಾ?"

ಜರಡಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ನಯದ ಮಾತುಗಳೆಲ್ಲ ಕೆಲಸಕ್ಕೆ ಬಾರದಾದವು. ಹುಡುಗಿಗೆ ಗೊತ್ತಿತ್ತು. ಗೊತ್ತಾಗಿ ಎಷ್ಟು ದಿನವಾಗಿತ್ತೋ ಏನೋ.

"ಯಾರು ಹೇಳಿದ್ರು ನಿನಗೆ?"

"ಚಿಕ್ಕಪ್ಪ. ನನ್ನ ಕರೆಯಿಂದಲೇ ಅಪ್ಪ ಹೋದ್ರು ಅಂತ. ಯಾರ ಹತ್ತಿರಾನೂ ಬಾಯಿಬಿಡಬೇಡ, ಬಿಟ್ರೆ ಕೊಲೆ ಕೇಸ್ ಹಾಕ್ತಾರೆ, ನಾನು ಹೇಗೋ ನೋಡ್ಕೊಳ್ತೀನಿ ಅಂದ್ರು." ಅವಳು ಅಳಲಿಲ್ಲ. ಅಳು ಮುಗಿದುಹೋದವರ ಹಾಗೆ ಮಾತಾಡುತ್ತಿದ್ದಳು. "ಬಾಯಿಬಿಟ್ಟುಬಿಟ್ಟೆ. ಹಾಕಿ ಕೇಸು."

ಹೇಳಿದರೆ ಹುಡುಗಿ ಸಾಯುತ್ತಾಳೆ ಎಂದು ಜರಡಿಯನ್ನು ಹೆದರಿಸಿದವನು, ಆ ಕೆಲಸವನ್ನು ತಾನೇ ಮೊದಲೇ ಮುಗಿಸಿದ್ದ. ಒಂದೇ ಮಾತಿನಿಂದ ಆ ಮಗುವಿನ ಬಾಯಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ್ದ.

"ಕೂತ್ಕೋ ಮಗಳೇ. ಟ್ಯಾಂಕ್ ಹತ್ತಿರ ಬಂದಾಗ ಕರೆ ಮಾಡು ಅಂದಿದ್ದೂ ಚಿಕ್ಕಪ್ಪನೇ?"

"ಹ್ಞೂ. ಅಪ್ಪ ಅಲ್ಲಿಂದ ನಮ್ಮ ಮಹಡಿ ನೋಡ್ತಾರೆ, ನೀನು ಕಂಡ್ರೆ ಖುಷಿಯಾಗ್ತಾರೆ, ಆಗಲೇ ಹೇಳಿಬಿಡು ಅಂದ್ರು."

"ಸರಿ. ವಿಮಾನ ಟ್ಯಾಂಕ್ ಮೇಲೆ ಬಂತು, ನೀನು ಕರೆ ಮಾಡಿದೆ."

"ಇಲ್ಲ ಮೇಡಂ."

"ಇಲ್ವಾ?"

"ಧೈರ್ಯ ಬರಲಿಲ್ಲ. ಟ್ಯಾಂಕ್ ದಾಟೋವರೆಗೂ ಫೋನ್ ಹಿಡ್ಕೊಂಡು ನಿಂತಿದ್ದೆ. ಅಪ್ಪ ತಲೆ ಮೇಲೇ ಹೋದ್ರು. ಚಕ್ರ ಇಳೀತು. ಆಮೇಲೆ ಕಣ್ಣುಮುಚ್ಚಿ ಮಾಡಿಬಿಟ್ಟೆ."

ಜರಡಿ ಅವಳ ಮೊಣಕೈ ಹಿಡಿದಳು. "ಏನಂದೆ? ಇನ್ನೊಂದ್ಸಲ ಹೇಳು."

"ಚಕ್ರ ಇಳೀತು. ಮೂರೂ. ಇಲ್ಲಿಂದ ಚೆನ್ನಾಗಿ ಕಾಣುತ್ತೆ. ಚಿಕ್ಕವಳಿದ್ದಾಗಿಂದ ನೋಡಿದ್ದೀನಿ, ಕೋಳಿ ಕಾಲು ಚಾಚಿದ ಹಾಗೆ ಇಳಿಯುತ್ತೆ."

"ನಿನ್ನ ಕಣ್ಣಾರೆ ನೋಡಿದೆಯಾ?"

"ನೋಡಿದೆ. ಅದಕ್ಕೇ ನನಗೆ ಅರ್ಥವೇ ಆಗಲ್ಲ, ನನ್ನ ಕರೆ ಬರೋಕೆ ಮುಂಚೆಯೇ ಇಳಿಸಿದ್ರಲ್ಲ? ಚಿಕ್ಕಪ್ಪನಿಗೆ ಹೇಳಿದ್ರೆ, ನಿನಗೆ ಭ್ರಮೆ, ತಪ್ಪು ಮಾಡಿದೋರಿಗೆಲ್ಲ ಹಾಗೇ ಕಾಣೋದು ಅಂದ್ರು."

ಲಿವರ್ ಮೇಲಿತ್ತು, ಆದ್ದರಿಂದ ಅದು ಕೆಳಗೆ ಹೋಗಲೇ ಇಲ್ಲ ಎಂದು ಜರಡಿ ವರದಿ ಬರೆದಿದ್ದಳು. ಕೆಳಗೆ ಹೋಗಿ ಮತ್ತೆ ಮೇಲೆ ಬಂದಿರಬಹುದು ಎಂಬ ಮಾತು ಆಕೆಗೆ ಹೊಳೆದಿರಲೇ ಇಲ್ಲ. ಮಣ್ಣು ಜಾಲಿಸುವವಳ ಕಣ್ಣೆದುರೇ ಆನೆ ದಾಟಿ ಹೋಗಿತ್ತು.

"ಅಪ್ಪ ಫೋನಲ್ಲಿ ಏನಂದ್ರು? ಒಂದೊಂದು ಮಾತೂ ಬೇಕು."

ಹುಡುಗಿ ಒದ್ದೆ ಅಂಗಿಯನ್ನು ಎದೆಗೆ ಒತ್ತಿ ಹಿಡಿದಳು. "ಕಾಲೇಜು ಬಿಟ್ಟೆ ಅಪ್ಪಾ ಅಂದೆ. ಅತ್ತುಬಿಟ್ಟೆ. ಆಮೇಲೆ, ಹೋದ್ರೆ ಹೋಗ್ಲಿ ಬಿಡು ಪುಟ್ಟಿ, ಅದಕ್ಯಾಕೆ ಅಳ್ತೀಯ, ಇಳಿದು ಬರ್ತೀನಿ ಇರು ಅಂದ್ರು. ಬೈಯಲೇ ಇಲ್ಲ ಮೇಡಂ." ಇಷ್ಟು ಹೊತ್ತು ತಡೆದಿದ್ದು ಈಗ ಒಡೆಯಿತು. ಜರಡಿ ಕಾದಳು. ಸಮಾಧಾನ ಮಾಡುವುದು ಆಕೆಗೆ ಬರುತ್ತಿರಲಿಲ್ಲ.

"ಆಮೇಲೆ?"

"ಆಮೇಲೆ ನನ್ನ ಹತ್ತಿರ ಅಲ್ಲ, ಬೇರೆ ಯಾರ ಹತ್ತಿರಾನೋ ಮಾತಾಡಿದ್ರು. ಏನು, ಇಳಿದಿಲ್ವಾ? ಈಗ ಇಳಿಸಿದೆನಲ್ಲೋ, ಸರಿಯಾಗಿ ನೋಡೋ! ಅಂದ್ರು. ಮತ್ತೆ, ತಗೋ, ಈಗ? ಅಂದ್ರು. ಅಷ್ಟೇ. ಆಮೇಲೆ ಸದ್ದು."

ಬೇರೆಯವರ ಹತ್ತಿರ ಅಂದರೆ ರೇಡಿಯೋದಲ್ಲಿ. ಈ ಫೀಲ್ಡಿನ ರೂಢಿ ಜರಡಿಗೆ ಗೊತ್ತಿತ್ತು. ಹಳೆಯ ವಿಮಾನಗಳು, ಚಕ್ರ ಇಳಿದಾಗ ಉರಿಯುವ ಹಸಿರು ದೀಪಗಳು ವಾರಕ್ಕೊಮ್ಮೆ ಸುಟ್ಟುಹೋಗುವಂಥವು. ಅದಕ್ಕೇ ಯಾರು ಇಳಿಯಲು ಬಂದರೂ ನೆಲದಲ್ಲಿದ್ದವನು ಹೊರಗೆ ಬಂದು ವಿಮಾನದ ಹೊಟ್ಟೆ ನೋಡಿ, 'ಚಕ್ರ ಇದೆ' ಎಂದು ರೇಡಿಯೋದಲ್ಲಿ ಹೇಳುತ್ತಿದ್ದ. ದೀಪ ಸುಳ್ಳು ಹೇಳಿದರೂ ಕೆಳಗಿನವನ ಕಣ್ಣು ಸುಳ್ಳು ಹೇಳುವುದಿಲ್ಲ ಎಂದು ಇಲ್ಲಿನವರಿಗೆಲ್ಲ ನಂಬಿಕೆ.

ಆ ದಿನ ಕೆಳಗಿನವನು ಸುಳ್ಳು ಹೇಳಿದ್ದ. ಇಳಿದಿದ್ದ ಚಕ್ರವನ್ನು ಇಳಿದಿಲ್ಲ ಅಂದಿದ್ದ. ಕಿವಿಯಲ್ಲಿ ಮಗಳ ಅಳು, ಎದುರಿಗೆ ಉಬ್ಬಿ ಬರುತ್ತಿರುವ ರನ್‌ವೇ, ದೀಪ ನೋಡಲು ಪುರುಸೊತ್ತೆಲ್ಲಿ? ಕೈ ತನ್ನ ಪಾಡಿಗೆ ತಾನು ಲಿವರ್ ಹಿಡಿದು ಎಳೆದು ಸರಿಸಿತು. ಆಗಲೇ ಕೆಳಗಿದ್ದ ಲಿವರ್ ಹೋಗಬಹುದಾಗಿದ್ದ ದಿಕ್ಕು ಒಂದೇ, ಮೇಲಕ್ಕೆ ಹೋಯಿತು. ಮಗಳಿಗೆ ಬೈಯದ ಆ ತಂದೆ ತನ್ನ ಚಕ್ರವನ್ನು ತಾನೇ ಒಳಗೆಳೆದುಕೊಂಡು ಇಳಿದ.

"ಪುಟ್ಟಿ, ಇಲ್ಲಿ ನೋಡು," ಎಂದಳು ಜರಡಿ. "ನಿನ್ನ ಕರೆ ಅಪ್ಪನ್ನ ಕೊಲ್ಲಲಿಲ್ಲ. ನಿನ್ನ ಕರೆ ಇರದಿದ್ರೆ ಕೊಂದವನು ಯಾರು ಅಂತ ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಕೇಳಿಸ್ತಾ? ನೀನು ಸಾಕ್ಷಿ. ತಪ್ಪಿತಸ್ಥೆ ಅಲ್ಲ."

ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು. ಅವಳು ಬಟ್ಟೆ ಬಕೆಟ್ಟಿನ ಪಕ್ಕ ಕೂತಳು.

"ಹಾಗಾದ್ರೆ ರೇಡಿಯೋದಲ್ಲಿ ಇದ್ದಿದ್ದು ಯಾರು?"

"ಇನ್ಯಾರು? ಆ ದಿನ ಫೀಲ್ಡಿನಲ್ಲಿ ಇದ್ದೋರು ಇಬ್ಬರೇ. ಮೆಕ್ಯಾನಿಕ್ ಹ್ಯಾಂಗರಿನಲ್ಲಿದ್ದ. ನಿನ್ನ ಚಿಕ್ಕಪ್ಪ ರೇಡಿಯೋ ರೂಮಿನಲ್ಲಿದ್ದ. ಅವನೂ ಹಾಗೇ ಹೇಳಿದ್ದಾನೆ, ಮೆಕ್ಯಾನಿಕ್ಕೂ ಹಾಗೇ ಹೇಳಿದ್ದಾನೆ."

"ಚಿಕ್ಕಪ್ಪನಾ?" ಹುಡುಗಿ ಕಣ್ಣೊರೆಸಿಕೊಂಡಳು. "ಚಿಕ್ಕಪ್ಪ ಇಲ್ಲೇ ಇದ್ರಲ್ಲ ಮೇಡಂ."

"ಎಲ್ಲಿ?"

"ಇಲ್ಲೇ, ಮಹಡಿ ಮೇಲೆ, ನನ್ನ ಪಕ್ಕ. ಚಕ್ರ ಇಳಿದಿದ್ದು ನೋಡಿ ಥತ್ ಅಂತ ಆ ಮೂಲೆಗೆ ಹೋಗಿ ಯಾರಿಗೋ ಫೋನ್ ಮಾಡಿದ್ರು. ಹ್ಞೂ, ಹೇಳಿಬಿಡು ಅಂದ್ರು, ಅಷ್ಟೇ. ಹೊಗೆ ಎದ್ದಮೇಲೆ ನನ್ನ ಕೈಯಿಂದ ಫೋನ್ ಕಿತ್ಕೊಂಡು, ನೋಡು ಏನು ಮಾಡಿಬಿಟ್ಟೆ ಅಂದ್ರು. ನಾನು ಇಲ್ಲಿದ್ದೆ ಅಂತ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡೇ ಫೀಲ್ಡಿಗೆ ಹೋಗಿದ್ದು."

ಚಿಕ್ಕಪ್ಪ ಇಲ್ಲಿದ್ದರೆ ಫೀಲ್ಡಿನಲ್ಲಿ ಉಳಿದವನು ಮೆಕ್ಯಾನಿಕ್ ಒಬ್ಬನೇ, ರೇಡಿಯೋದಲ್ಲಿ ಸುಳ್ಳು ಹೇಳಿದವನೂ ಅವನೇ. ಫೀಲ್ಡ್ ಮುಚ್ಚಿದರೆ ಬೀದಿಗೆ ಬೀಳುವವರಲ್ಲಿ ಅವನೂ ಒ‌ಬ್ಬ. ತನ್ನನ್ನು ಲಾಕಪ್ಪಿಗೆ ತಳ್ಳಿದವನು ರೇಡಿಯೋ ರೂಮಿನಲ್ಲೇ ಇದ್ದ ಎಂದು, ಅಷ್ಟು ಒದೆ ತಿಂದೂ ಅವನು ಸಾಕ್ಷಿ ಹೇಳಿದ್ದೇಕೆ? ಇದು ಇಬ್ಬರೂ ಸೇರಿ ಹೂಡಿದ ಆಟ. ಹುರುಳಿಲ್ಲದ ದೂರು ಕೊಟ್ಟರೆ ಯಾರೋ ಒಬ್ಬ ಬುದ್ಧಿವಂತೆ ಬಂದು ಅದನ್ನು ಸುಳ್ಳು ಮಾಡುತ್ತಾಳೆ. ಆಮೇಲೆ ಆ ಮನುಷ್ಯನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಆ ಬುದ್ಧಿವಂತೆ ಹಾರ್ನ್ ಊದಿ, ಮೀಸೆಯಿಲ್ಲದಿದ್ದರೂ ಮೀಸೆ ತಿರುವಿ, ಅವನನ್ನು ಬಿಡಿಸಿದ್ದಳು.

ಆಕೆ ಫೋನ್ ತೆಗೆದಳು. "ಮೆಕ್ಯಾನಿಕ್‌ನ ಬಿಡಬೇಡಿ! ಹಿಡಿದಿಡಿ!"

"ಆಗಲೇ ಬಿಟ್ಟಾಯ್ತಲ್ಲ ಮೇಡಂ," ಎಂದ ಠಾಣಾಧಿಕಾರಿ. "ನೀವೇ ತಾನೇ ಅಷ್ಟು ರೇಗಿದ್ದು? ಸಾಹುಕಾರರ ತಮ್ಮನೇ ಕಾರು ತಂದು ಕೂರಿಸ್ಕೊಂಡು ಹೋದ್ರು. ದೊಡ್ಡ ಮನಸ್ಸು ಬಿಡಿ."

"ಎಲ್ಲಿಗೆ ಹೋದ್ರು?"

"ಮನೆಗೆ ಹೋಗಪ್ಪ ಅಂದೆ. ಮೊದಲು ಮೇಡಂಗೆ ಕೈಮುಗಿದು ಬರ್ತೀನಿ ಅಂದ. ಅವರು ಈಗ ಸಾಹುಕಾರರ ಮನೇಲೇ ಇರ್ತಾರೆ ಅಂತ ತಮ್ಮನೋರು ಹೇಳಿದ್ರು."

"ಕೂಡಲೇ ಜೀಪ್ ಕಳಿಸಿ. ಇಲ್ಲಿಗೆ."

"ಜೀಪ್ ಹೊರಗೆ ಹೋಗಿದೆ ಮೇಡಂ. ಯಾಕೆ, ಏನಾಯ್ತು?"

ಹುಡುಗಿ ಎದ್ದು ಮಹಡಿಯ ಗೋಡೆಯಿಂದ ಕೆಳಗೆ ಬಗ್ಗಿ ನೋಡಿದಳು.

"ಚಿಕ್ಕಪ್ಪನ ಕಾರು," ಎಂದಳು. "ಜೊತೇಲಿ ಇನ್ಯಾರೋ ಇದ್ದಾರೆ."

ಕೆಳಗೆ ಗೇಟು ತೆರೆದ ಸದ್ದಾಯಿತು. ಆಮೇಲೆ ಬೀದಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ ಸದ್ದು. ಇಬ್ಬರ ಹೆಜ್ಜೆಗಳು ಮೆಟ್ಟಿಲು ಹತ್ತತೊಡಗಿದವು.